ಅಕ್ಕ ನಡೆಯುತ್ತಾ ಆಡಿದ ಮಾತು

ನನ್ನ ಅಕ್ಕ ಕೂತು ಮಾತಾಡಿದವಳಲ್ಲ. ಮನೆಯೊಳಗೆ ಅವಳ ಬಾಯಿಂದ ಬರುತ್ತಿದ್ದದ್ದು ಊಟ ಮಾಡು, ನೀರು ಕುಡಿ, ಬಾಗಿಲು ಹಾಕು, ಇಷ್ಟೇ. ಮನಸ್ಸಿನಲ್ಲಿದ್ದದ್ದು ಆಚೆಗೆ ಬರಬೇಕಾದರೆ ಅವಳ ಕಾಲು ನಡೆಯುತ್ತಿರಬೇಕಿತ್ತು. ಅದು ಅವಳ ಸ್ವಭಾವವೋ, ಮನೆಯೊಳಗೆ ಹೆಣ್ಣುಮಕ್ಕಳು ದನಿ ಎತ್ತಬಾರದು ಎಂದು ಬೆಳೆಸಿದ್ದರಿಂದ ಆದದ್ದೋ, ಯೋಚಿಸಿ ನೋಡಿದ್ದೇನೆ, ತಿಳಿದಿಲ್ಲ. ಈಗ ಬರೆಯಲು ಕೂತರೆ ಅವಳ ಮುಖಕ್ಕಿಂತ ಮೊದಲು ನೆನಪಾಗುವುದು ಪಕ್ಕದಲ್ಲಿ ನಡೆಯುವಾಗ ಕಾಣುತ್ತಿದ್ದ ಅವಳ ಎಡಗಿವಿ, ಅದರಲ್ಲಿದ್ದ ಚಿಕ್ಕ ಓಲೆ. ನಾನು ಯಾವಾಗಲೂ ಅವಳ ಎಡಕ್ಕೇ ನಡೆಯುತ್ತಿದ್ದೆ.

ನಮ್ಮೂರು ತಗಡೂರಿನ ಆಚೆ ಒಂದು ಸಣ್ಣ ಹಳ್ಳಿ. ನಾನು ಶಾಲೆಗೆ ಸೇರಿದ್ದು ಹನ್ನೊಂದು ವರ್ಷದವನಾದಾಗ. ಅಲ್ಲಿಯವರೆಗೆ ಆಡು ಕಾಯುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಆಡುಗಳನ್ನು ಮಾರಿಬಿಟ್ಟಳು, ಕಾಯುವುದಕ್ಕೆ ಏನೂ ಉಳಿಯಲಿಲ್ಲ, ಹಾಗಾಗಿ ಶಾಲೆಗೆ ಹಾಕಿದರು. ಶಾಲೆ ಪಕ್ಕದೂರಿನಲ್ಲಿತ್ತು. ಒಂದನೇ ಕ್ಲಾಸಿನ ಮಕ್ಕಳು ನನ್ನ ಸೊಂಟದ ಎತ್ತರಕ್ಕಿದ್ದರು. ನಾಚಿಕೆಯಾಗಿ ಅರ್ಧ ದಾರಿಯಲ್ಲೇ ತಿರುಗಿ ಬಂದುಬಿಡುತ್ತಿದ್ದೆ. ಅಕ್ಕ ಆಗ ಕಳೆ ಕೀಳುವ ಕೂಲಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದಳು. ನನ್ನ ಜೊತೆ ನಡೆಯಲು ಶುರು ಮಾಡಿದಳು. ಬುದ್ಧಿ ಹೇಳಲಿಲ್ಲ. ಯಾರ ಮನೆಯ ಎಮ್ಮೆ ಯಾರ ಗದ್ದೆಗೆ ನುಗ್ಗಿತು, ಯಾರ ಮದುವೆಯಲ್ಲಿ ಸಾರು ಸಾಲದೆ ನೀರು ಹೊಯ್ದರು, ಇಂಥವನ್ನು ಹೇಳುತ್ತಿದ್ದಳು. ಕತೆ ಮುಗಿಯುವ ಮೊದಲೇ ಶಾಲೆ ಬಂದಿರುತ್ತಿತ್ತು. "ಮಿಕ್ಕಿದ್ದ ಸಂಜೆ ಏಳ್ತೀನಿ, ಓಗು" ಎಂದು ಹೊಲಕ್ಕೆ ಇಳಿಯುತ್ತಿದ್ದಳು. ನಾನು ಓದಿದ್ದು ಹೀಗೆ. ಹತ್ತನೇ ಕ್ಲಾಸು ಪಾಸಾಗುವಾಗ ನನಗೆ ಮೀಸೆ ಬಂದು ಹಳೆಯದಾಗಿತ್ತು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಕ್ಕನನ್ನು ತಿ. ನರಸೀಪುರದ ಹತ್ತಿರದ ಒಂದು ಊರಿಗೆ ಕೊಟ್ಟೆವು. ಗಂಡ, ಅತ್ತೆ, ಅವಳು, ಮೂರೇ ಜನ. ಸ್ವಲ್ಪ ನಾಲೆಯ ಗದ್ದೆ ಇತ್ತು. ಬಾವ ಒಳ್ಳೆಯ ಮನುಷ್ಯ, ಕುಡಿಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ, ನಗುನಗುತ್ತಾ ಇರುತ್ತಿದ್ದ. ನನಗೆ ನಂಜನಗೂಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಅವ್ವನೂ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ತಿಂಗಳಿಗೊಂದು ಭಾನುವಾರ ಅವಳನ್ನು ನೋಡಲು ಹೋಗುತ್ತಿದ್ದೆ.

ಬಸ್ಸು ಊರೊಳಕ್ಕೆ ಹೋಗುತ್ತಿರಲಿಲ್ಲ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಊರಿನ ಹೆಸರಿನದೊಂದು ಗೇಟ್ ಇತ್ತು. ಗೇಟ್ ಎಂದರೆ ಗೇಟಲ್ಲ, ಬಸ್ಸು ನಿಲ್ಲುವ ಜಾಗ, ಒಂದು ಬೀಡಾ ಅಂಗಡಿ, ಅಷ್ಟೆ. ಅಲ್ಲಿ ಇಳಿದು ನಾಲೆಯ ಏರಿ ಮೇಲೆ ಒಂದು ಮೈಲಿಗೂ ಮಿಗಿಲು ನಡೆಯಬೇಕು. ಆ ಏರಿ ಅಗಲವಾಗಿತ್ತು. ಎತ್ತಿನ ಗಾಡಿ ಬಂದರೆ ಒಂದು ಪಕ್ಕ ಸರಿದು ನಿಂತರೆ ಆಗುತ್ತಿತ್ತು. ಮಿಕ್ಕ ಹೊತ್ತು ದಾರಿಯೆಲ್ಲ ನಮ್ಮದೇ. ಒಂದು ಕಡೆ ನೀರು, ಇನ್ನೊಂದು ಕಡೆ ಬತ್ತದ ಗದ್ದೆ, ಅಲ್ಲಲ್ಲಿ ಹೊಂಗೆ ಮರ. ಮಣ್ಣು ಮೆತ್ತಗಿದ್ದು ಚಪ್ಪಲಿ ಕೈಗೆ ತೆಗೆದುಕೊಂಡು ನಡೆದರೂ ಸುಖವಾಗಿರುತ್ತಿತ್ತು.

ನಮ್ಮ ಕಡೆ ಬಂದವರನ್ನು ಬಾಗಿಲಲ್ಲೇ ನಿಂತು ಹೋಗಿ ಎನ್ನುವುದಿಲ್ಲ. ಕಳಿಸಿ ಬರಬೇಕು. ದೂರದವರಾದರೆ ಊರ ಕೊನೆಯವರೆಗೆ, ಹತ್ತಿರದವರಾದರೆ ಬಸ್ಸು ಹತ್ತುವವರೆಗೆ. ಸೊಸೆಯಾದವಳಿಗೆ ತವರಿನವರ ಜೊತೆ ಒಬ್ಬಳೇ ಇರಲು ಸಿಗುತ್ತಿದ್ದ ಹೊತ್ತು ಅದೊಂದೇ. ಅದಕ್ಕೆ ಯಾರೂ ಅಡ್ಡ ಹೇಳುತ್ತಿರಲಿಲ್ಲ. ಅತ್ತೆಯೇ ಒಳಗಿನಿಂದ ಕೂಗುತ್ತಿದ್ದಳು.

"ಓಗವ್ವ, ನಿನ್ ತಮ್ಮುನ್ನ ಕಳಿಸ್ಬುಟ್ಟು ಬಾ. ಕೂಸು ದಾರಿ ತಪ್ಪೋದಾತು."

ಆ ಕೂಸಿಗೆ ಆಗ ಮದುವೆಯೂ ಆಗಿತ್ತು.

ಕೊನೆಯ ಮನೆ ದಾಟುವವರೆಗೆ ಅಕ್ಕ ತುಟಿ ಬಿಚ್ಚುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ಸುಮ್ಮನೆ ನಡೆಯುತ್ತಿದ್ದಳು. ಏರಿ ಹತ್ತಿದ ಮೇಲೆ ಶುರು. ಅತ್ತೆಯ ದನಿಯನ್ನು ಅಣಕಿಸುತ್ತಿದ್ದಳು, ಪಕ್ಕದ ಮನೆಯವಳು ಮೊಟ್ಟೆ ಕದ್ದು ಸಿಕ್ಕಿಬಿದ್ದದ್ದನ್ನು ಹೇಳಿ ನಗುತ್ತಿದ್ದಳು, ನನ್ನ ಹೆಂಡತಿ ಹೇಗಿದ್ದಾಳೆ, ಮಗು ಏನು ತಿನ್ನುತ್ತೆ ಎಂದು ಕೇಳುತ್ತಿದ್ದಳು. ಮಾತು ಮುಗಿಯದೆ ಗೇಟ್ ಬಂದರೆ ಬಂದ ಬಸ್ಸನ್ನು ಬಿಟ್ಟುಬಿಡುತ್ತಿದ್ದೆವು. ಒಮ್ಮೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೇಳಿದ. "ಏನಕ್ಕಾ, ಇವತ್ತಾದ್ರೂ ತಮ್ಮುನ್ನ ಬುಟ್ ಕೊಟ್ಟೀಯಾ, ಇಲ್ಲ ನಾವೇ ಇಳ್ಕಂಡ್ ಬರಾದಾ?" ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕೆಲವು ಸಲ ಅವಳೊಬ್ಬಳೇ ವಾಪಸು ಹೋಗಬೇಕಲ್ಲ ಎಂದು ನಾನು ಅವಳನ್ನು ಅರ್ಧ ದಾರಿ ಬಿಟ್ಟು ಬರುತ್ತಿದ್ದೆ. ಅಲ್ಲಿಂದ ಅವಳು ಮತ್ತೆ ನನ್ನನ್ನು ಸ್ವಲ್ಪ ದೂರ ಕಳಿಸಲು ಬರುತ್ತಿದ್ದಳು. ಹೀಗೆ ಹೋಗಿ ಬಂದು ಮಾಡುವಾಗ ಆಯಾಸ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ನಡಿಗೆಯಲ್ಲಿ ಸುಖ ಇದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಬಸ್ಸಿಲ್ಲ, ಅದಕ್ಕೇ ನಡೆಯುತ್ತೇವೆ ಎಂದುಕೊಂಡಿದ್ದೆ.

ಮದುವೆಯಾಗಿ ಏಳೆಂಟು ವರ್ಷವಾದರೂ ಅಕ್ಕನಿಗೆ ಮಕ್ಕಳಾಗಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಬಂದರು. ಹರಕೆ ಕಟ್ಟಿಕೊಂಡರು. ಒಂದು ಭಾನುವಾರ ಏರಿಯ ಮೇಲೆ ಅಕ್ಕ ನಗುವ ಕತೆ ಯಾವುದನ್ನೂ ಹೇಳಲಿಲ್ಲ. ತೂಬು ದಾಟಿದ ಮೇಲೆ ಹೇಳಿದಳು.

"ಇನ್ನೊಂದ್ ಎಣ್ ತರೋ ಮಾತು ಎತ್ತವ್ರೆ ಕಣೋ."

"ಯಾರು? ಬಾವನಾ?"

"ಅತ್ತೆ. ನಿಮ್ ಬಾವ ಏನೂ ಅಂದಿಲ್ಲ. ಬ್ಯಾಡ ಅಂತಾನೂ ಅಂದಿಲ್ಲ."

"ನಾನು ಈಗ್ಲೇ ವಾಪಸ್ ಬಂದು ಕೇಳ್ತೀನಿ ನಡಿ."

ಅವಳು ನಿಲ್ಲಲಿಲ್ಲ, ನಡೆಯುತ್ತಲೇ ಹೇಳಿದಳು. "ಸುಮ್ಕಿರು. ಬರೀ ಮಾತಿಗೆ ನೀ ಬಂದು ಕೂಗಾಡುದ್ರೆ ಇವ್ಳೇ ಎತ್ತಿಕಟ್ಟವ್ಳೆ ಅಂತ ನನ್ನೇ ಬೈತಾರೆ. ಎಣ್ಣು ಅಂತ ಒಂದು ಗೊತ್ತಾಗ್ಲಿ. ಆಗ ನಾ ಏಳ್ತೀನಿ. ಅವತ್ತು ಬಂದು ಬ್ಯಾಡ ಅನ್ನು. ನೀ ಬ್ಯಾಡ ಅಂದ್ರೆ ಆಗಕಿಲ್ಲ. ಅಲ್ಲಿಗಂಟ ಬಾಯ್ ಬುಡಬ್ಯಾಡ. ಯಾರ್ ಕೇಳುದ್ರೂ ಬುಡಬ್ಯಾಡ."

ಅವಳು ಹೇಳಿದ್ದು ನಮ್ಮ ಕಡೆಯ ಪದ್ಧತಿ. ಹೆಂಡತಿ ಇರುವಾಗ ಇನ್ನೊಂದು ಹೆಣ್ಣು ತರಬೇಕಾದರೆ ಮೊದಲಿನವಳ ತವರಿಗೆ ಮಾತು ತಿಳಿಸಬೇಕು. ತವರಿನ ಗಂಡಸು ಬೇಡ ಎಂದರೆ ಊರ ಯಜಮಾನರು ಸೇರಬೇಕು, ನ್ಯಾಯ ಆಗಬೇಕು, ಅಲ್ಲಿಯವರೆಗೆ ಮುಂದುವರಿಯುವಂತಿಲ್ಲ. ಬೇಡ ಎನ್ನದಿದ್ದರೆ ಒಪ್ಪಿದ ಹಾಗೆ. ಕಾನೂನು ಇದನ್ನು ಒಪ್ಪುತ್ತದೋ ಇಲ್ಲವೋ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಆವತ್ತಿನಿಂದ ಪ್ರತಿ ಭೇಟಿಯಲ್ಲೂ ಕೊನೆಯ ಮನೆ ದಾಟಿದ ಕೂಡಲೇ ನಾನು ಅವಳ ಕಡೆ ನೋಡುತ್ತಿದ್ದೆ. "ಇನ್ನೂ ಇಲ್ಲ" ಎನ್ನುತ್ತಿದ್ದಳು. ಆಮೇಲೆ ಬೇರೆ ಮಾತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಏರಿಗೆ ಜಲ್ಲಿ ಹಾಕಿ ಟಾರು ಬಳಿದರು. ಊರಿನಲ್ಲಿ ಒಂದೊಂದೇ ಮನೆಗೆ ಬೈಕು ಬಂತು. ಬಾವನೂ ಒಂದು ತಂದ. ಅದನ್ನು ದಿನಾ ಒರೆಸುತ್ತಿದ್ದ, ಹಟ್ಟಿಯಂಗಳದಲ್ಲಿ ಅದರ ಮೇಲೆ ಗೋಣಿತಾಟು ಹೊದಿಸುತ್ತಿದ್ದ. ಆ ಸಲ ನಾನು ಹೊರಡುವ ಹೊತ್ತಿಗೆ ಅಕ್ಕ ಬಾಗಿಲ ಹತ್ತಿರ ಬಂದು ಚಪ್ಪಲಿ ಮೆಟ್ಟುತ್ತಿದ್ದಳು. ಬಾವ ಗಾಡಿ ಆಚೆಗೆ ತಂದು ಒದ್ದ.

"ಅತ್ತು ಬಾಮೈದ."

"ಬ್ಯಾಡ ಬಾವ, ನಡ್ಕಂಡ್ ಓಯ್ತೀನಿ."

"ನಡ್ಕಂಡಾ? ಮತ್ತೆ ಗಾಡಿ ಯಾಕ್ ತಂದಿರಾದು, ಪೂಜೆ ಮಾಡಕಾ? ಗೇಟಲ್ಲಿ ನಿಂತ್ರೆ ಸೀಟ್ ಸಿಕ್ಕಲ್ಲ. ನರಸೀಪುರ ಬಸ್‌ಸ್ಟ್ಯಾಂಡ್‌ಗೇ ಬುಡ್ತೀನಿ, ಕುಂತ್ಕಂಡ್ ಓಗೀಯಂತೆ. ಅತ್ತು ಅತ್ತು."

ಒಳಗಿನಿಂದ ಅತ್ತೆ, "ಓಗಪ್ಪ, ನಿಮ್ಮಕ್ಕುಂಗೂ ಕೆಲ್ಸ ಅದೆ" ಎಂದಳು. ಹತ್ತಿದೆ. ಪ್ರೀತಿಯಿಂದ ಕರೆದವನಿಗೆ ಎಷ್ಟು ಸಲ ಬೇಡ ಎನ್ನಲಿ. ತಿರುಗಿ ನೋಡಿದಾಗ ಅಕ್ಕ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತಿದ್ದಳು. ಇಡೀ ಏರಿ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದುಹೋಯಿತು.

ಆಮೇಲೆ ಅದೇ ರೂಢಿಯಾಯಿತು. ನಾನು ಗೇಟಿನಲ್ಲಿ ಇಳಿದು ನಡೆದು ಬರುತ್ತಿದ್ದೆ, ಹೋಗುವಾಗ ಬಾವ ಗಾಡಿಯಲ್ಲಿ ಬಿಡುತ್ತಿದ್ದ. ಅಕ್ಕ ಊಟ ಬಡಿಸುತ್ತಿದ್ದಳು. ತಟ್ಟೆ ತೊಳೆಯಲು ನಾನು ಹಿತ್ತಿಲಿಗೆ ಹೋದರೆ ಅತ್ತೆಯೂ ಏನಾದರೂ ಕೆಲಸ ಎಂದು ಬರುತ್ತಿದ್ದಳು. ಬೇಕೆಂದೇ ಬರುತ್ತಿದ್ದಳೋ, ಹಿತ್ತಿಲು ಅವಳದೂ ಆಗಿದ್ದರಿಂದ ಬರುತ್ತಿದ್ದಳೋ. ಅಕ್ಕ ಏನೂ ಹೇಳುತ್ತಿಲ್ಲವೆಂದರೆ ಹೇಳುವುದು ಏನೂ ಇಲ್ಲ ಎಂದುಕೊಂಡೆ.

ದಸರಾ ಮುಗಿದ ಮೇಲಿನ ಒಂದು ಭಾನುವಾರ ಬಾವ ನನ್ನನ್ನು ನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಗೆ ಕರೆದುಕೊಂಡು ಹೋದ. ಎರಡು ಟೀ ಹೇಳಿದ. ಗ್ಲಾಸು ಕೈಗೆ ಬಂದ ಮೇಲೆ ಹೇಳಿದ.

"ಮನೇಲಿ ಅವ್ವ ಒಂದ್ ಮಾತ್ ಎತ್ತವ್ಳೆ. ನಿನ್ ಕಿವಿಗೂ ಬಿದ್ದಿರ್ತದೆ."

ನಾನು ಟೀ ಆರಿಸುತ್ತಿದ್ದೆ.

"ನಂಗೇನ್ ಆಸೆ ಇಲ್ಲ ಕಣಪ್ಪ. ಮನೆಗೊಂದ್ ಕೂಸ್ ಬ್ಯಾಡ್ವಾ? ನಿಮ್ಮಕ್ಕುನ್ನ ಯಾರೂ ಆಚಿಕ್ ಆಕಲ್ಲ. ಅವ್ಳೇ ದೊಡ್ಡೋಳು, ಅವ್ಳ್ ಕೈಲೇ ಯಜಮಾನ್ಕೆ. ಎಣ್ಣೂ ನೋಡವ್ರೆ, ಬಡವ್ರ ಮನೇದು. ನೀನು ಬ್ಯಾಡ ಅಂದ್ರೆ ಇಲ್ಲೇ ನಿಲ್ಸ್ಬುಡ್ತೀನಿ. ದೇವ್ರಾಣೆ. ಏಳು."

ಅಕ್ಕ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ನಾ ಹೇಳುವವರೆಗೆ ಬಾಯಿ ಬಿಡಬೇಡ, ಯಾರು ಕೇಳಿದರೂ ಬಿಡಬೇಡ. ಅವಳು ಇನ್ನೂ ಹೇಳಿರಲಿಲ್ಲ. ನಾನು ಟೀ ಕುಡಿದೆ. ಬಾವ ಸ್ವಲ್ಪ ಹೊತ್ತು ಕಾದ.

"ಸರಿ ಬುಡು" ಎಂದ. ದನಿ ಸಡಿಲವಾಗಿತ್ತು. ಅಂಗಡಿಯಿಂದ ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ ತೆಗೆದುಕೊಂಡು ಬಂದು ನನ್ನ ಚೀಲಕ್ಕೆ ಹಾಕಿದ. ಮನೆಗೆ ಕೊಟ್ಟಿದ್ದಾನೆ ಎಂದುಕೊಂಡೆ. ಮಾತುಕತೆ ಮುಗಿದ ಮೇಲೆ ಎಲೆ ಅಡಿಕೆ ತೆಗೆದುಕೊಂಡರೆ ಅದು ವೀಳ್ಯ, ಒಪ್ಪಿಗೆ. ಇದು ನನಗೆ ಗೊತ್ತಿಲ್ಲದ್ದಲ್ಲ. ನಡುಮನೆಯಲ್ಲಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದರೆ ತಿಳಿಯುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ, ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕೊಟ್ಟದ್ದು ವೀಳ್ಯ ಎಂದು ಹೊಳೆಯಲಿಲ್ಲ. ಆವತ್ತು ಸೀಟು ಸಿಕ್ಕಿತ್ತು. ಕಿಟಕಿಯ ಪಕ್ಕದ ಸೀಟು. ಮನೆಗೆ ಬಂದು ಹೆಂಡತಿಯ ಕೈಗೆ ಕವರ್ ಕೊಟ್ಟೆ.

ಮುಂದಿನ ತಿಂಗಳು ಹೋದಾಗ ಹಟ್ಟಿಯಲ್ಲಿ ಒಣಗಿದ ಮಾವಿನ ತೋರಣ ಇತ್ತು. ಒಳಗೆ ಕೂತೆ. ನನಗೆ ಗೊತ್ತಿಲ್ಲದ ಒಬ್ಬ ಹುಡುಗಿ ಚೊಂಬಿನಲ್ಲಿ ನೀರು ತಂದು, "ತಕಳಿ ಅಣ್ಣ" ಎಂದಳು. ಕೊರಳಲ್ಲಿ ಅರಿಶಿನದ ದಾರ ಹೊಸದಾಗಿತ್ತು. ಸಣ್ಣ ಕೈಗಳು. ನಾನು ನೀರು ಕುಡಿದೆ. ಅತ್ತೆ ಹೇಳಿದಳು, "ಜಾಸ್ತಿ ಜನ ಕರೀನಿಲ್ಲ ಕಣಪ್ಪ, ದೇವಸ್ಥಾನದಲ್ಲೇ ಮುಗಿಸ್ಬುಟ್ಟೋ. ನೀನು ವೀಳ್ಯ ಈಸ್ಕಂಡಿದ್ಯಲ್ಲ, ಇನ್ ಯಾರ್ನ ಕೇಳಾದು ಅಂತ." ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ತಟ್ಟೆ ಇಟ್ಟಳು.

"ಊಟ ಮಾಡು" ಎಂದಳು.

ಮಾಡಿದೆ. ಮುದ್ದೆ, ಅವರೆಕಾಳಿನ ಸಾರು. ಎರಡನೇ ಸಲವೂ ಬಡಿಸಿಕೊಂಡೆ. ನನಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಬಾವನೇ ಗಾಡಿಯಲ್ಲಿ ಬಿಟ್ಟ. ಹಿಂದೆ ಕೂತು ಅವನ ಷರ್ಟಿನ ಕಾಲರ್ ನೋಡುತ್ತಿದ್ದೆ. ಮಡಿಕೆಯ ಹತ್ತಿರ ಸವೆದು ದಾರ ಬಿಟ್ಟಿತ್ತು. ಬೇರೆ ಏನೂ ಯೋಚನೆ ಬರಲಿಲ್ಲ. ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದಾಗ ಅವಳೇ ಅತ್ತಳು.

ಯುಗಾದಿ ಕಳೆದ ಮೇಲೆ ಅಕ್ಕ ಒಂದು ಬ್ಯಾಗು ಹಿಡಿದುಕೊಂಡು ನಂಜನಗೂಡಿಗೆ ಬಂದಳು. ಎಷ್ಟು ದಿನಕ್ಕೆ ಎಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ನಮ್ಮದು ಊರಾಚೆಯ ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೆಳಗಾಗುವ ಮೊದಲೇ ಎದ್ದು ಬಾಗಿಲು ಸಾರಿಸಿ, ಪಾತ್ರೆ ತೊಳೆದು, ಮಗುವಿಗೆ ತಲೆ ಬಾಚಿ ಮೂಲೆಯಲ್ಲಿ ಕೂರುತ್ತಿದ್ದಳು.

"ನಿಮ್ಮಕ್ಕ ಮಾತೇ ಆಡಲ್ಲ ಕಣ್ರೀ" ಎಂದಳು ನನ್ನ ಹೆಂಡತಿ. "ನನ್ ಮೇಲೇನಾದ್ರೂ ಬೇಜಾರಾ?"

"ಅವ್ಳು ಕೂತು ಮಾತಾಡಲ್ಲ. ನಡೀಬೇಕು."

"ಹಂಗಾದ್ರೆ ಕರ್ಕಂಡ್ ಓಗಿ ನಡೀರಿ."

ಸುಲಭದ ಮಾತು ಎಂದುಕೊಂಡು ಆ ಸಂಜೆಯೇ ಹೊರಟೆವು. ಬಡಾವಣೆ ದಾಟಿದರೆ ದೊಡ್ಡ ರಸ್ತೆ. ಮೊದಲು ಅದರ ಎರಡೂ ಪಕ್ಕ ಮಣ್ಣಿನ ಜಾಗ ಇತ್ತು, ಹುಣಸೆ ಮರ ಇದ್ದವು. ರಸ್ತೆ ಅಗಲ ಮಾಡಿ ಮರ ಕಡಿದಿದ್ದರು, ಟಾರು ಚರಂಡಿಯವರೆಗೆ ಬಂದಿತ್ತು. ಚರಂಡಿಯ ಮೇಲೆ ಚಪ್ಪಡಿ, ಅವು ಅಲ್ಲಲ್ಲಿ ಒಡೆದಿದ್ದವು, ಒಡೆಯದ ಕಡೆ ಅಂಗಡಿಯವರು ಸಾಮಾನು ಇಟ್ಟಿದ್ದರು, ಸಾಮಾನು ಇಲ್ಲದ ಕಡೆ ಬೈಕು ನಿಂತಿದ್ದವು. ಫ್ಯಾಕ್ಟರಿಗಳ ಬಸ್ಸು, ಊಟಿ ಕಡೆಯ ಕಾರು, ಲಾರಿ. ನಾನು ಮುಂದೆ, ಅಕ್ಕ ಹಿಂದೆ. ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಜಾಗ ಎಲ್ಲೂ ಇರಲಿಲ್ಲ. ನನ್ನ ಬೆನ್ನಿಗೆ ಹೇಳಲು ಅವಳ ಹತ್ತಿರ ಮಾತಿರಲಿಲ್ಲ.

ಗುರುತಿನವನೊಬ್ಬ ಬೈಕು ನಿಲ್ಲಿಸಿದ. "ಏನ್ ಸಾ, ಗಾಡಿ ಕೆಟ್ಟೋಯ್ತಾ?"

"ಇಲ್ಲಪ್ಪ, ಹಿಂಗೇ ನಡೀತಿದ್ದೀವಿ."

"ಎಲ್ಲಿಗೆ ಸಾ?"

"ಎಲ್ಲಿಗೂ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. "ಅಮ್ಮೋರ್ನ ಕೂರ್ಸಿ, ಬುಡ್ತೀನಿ" ಎಂದ. ಕಷ್ಟಪಟ್ಟು ಅವನನ್ನು ಕಳಿಸಿದೆ. ಇನ್ನೂ ಇಬ್ಬರು ಹಾಗೇ ನಿಲ್ಲಿಸಿ ಕೇಳಿದರು. ನಂಜನಗೂಡಿನಲ್ಲಿ ಸುಮ್ಮನೆ ನಡೆಯುವವನಿಗೆ ಏನೋ ತೊಂದರೆ ಆಗಿದೆ ಎಂದು ಜನ ತಿಳಿಯುವ ಕಾಲ ಬಂದಿದೆ ಎಂದು ಆವತ್ತು ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಅಕ್ಕನನ್ನು ನಮ್ಮ ಹೈಸ್ಕೂಲಿನ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಹೇಳಿದ್ದಾರೆಂದು ನಡೆಯುವವರು ಬರುತ್ತಿದ್ದರು. ಬಿಳಿ ಶೂ ಹಾಕಿ, ಕೈ ಬೀಸಿಕೊಂಡು, ಯಾರ ಮುಖವನ್ನೂ ನೋಡದೆ ಸುತ್ತುತ್ತಿದ್ದರು. ಅಕ್ಕ ಗೇಟಿನ ಹತ್ತಿರವೇ ನಿಂತಳು.

"ಇವ್ರೆಲ್ಲ ಎಲ್ಲಿಗ್ ಓಯ್ತಾವ್ರೆ?"

"ಎಲ್ಲಿಗೂ ಇಲ್ಲ. ಸುಗರ್ ಇರೋರು."

"ಕಣ ಸುತ್ತೋ ಎತ್ತ್‌ನಂಗೆ ಸುತ್ತಾವ್ರಲ್ಲೋ. ತೆನೆ ಎಲ್ಲೋ?"

ಬಂದ ಮೇಲೆ ಅವಳು ಆಡಿದ ಉದ್ದನೆಯ ಮಾತು ಅದೇ ಮೊದಲು. ನಾನು ನಕ್ಕೆ. ಅವಳು ನಗಲಿಲ್ಲ. ಒಂದು ಸುತ್ತು ಹಾಕಿದೆವು. ಹಿಂದಿನಿಂದ ಒಬ್ಬರು, "ಸೈಡು, ಸೈಡು" ಎಂದರು.

ಆ ವರ್ಷಗಳಲ್ಲಿ ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲನ್ನು ನಿಲ್ಲಿಸಿದ್ದರು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ. ನಮ್ಮ ಬಡಾವಣೆಯ ಹಿಂದೆ ಹಳಿ ಕಿತ್ತಿದ್ದ ದಾರಿ ಹಾಗೇ ಬಿದ್ದಿತ್ತು. ಎತ್ತರದ ದಿಬ್ಬ, ಮೇಲೆ ಮಟ್ಟವಾದ ಜಲ್ಲಿ ಮಣ್ಣು, ಎರಡೂ ಕಡೆ ಎಕ್ಕದ ಗಿಡ. ವಾಹನ ಹತ್ತುವಂತಿರಲಿಲ್ಲ. ಮೇಕೆ ಹೊಡೆದುಕೊಂಡು ಹೋಗುವವರು, ಸೌದೆ ಆಯುವ ಹೆಂಗಸರು, ಅಷ್ಟೇ ಜನ. ಒಂದು ಭಾನುವಾರ ಸೌದೆಯವರ ಹಿಂದೆ ನಾವೂ ಹತ್ತಿದೆವು. ಹತ್ತಿದ ಕೂಡಲೇ ನಾನು ಅಕ್ಕನ ಎಡಕ್ಕೆ ಬಂದೆ.

ಬಹಳ ದೂರ ನಡೆದೆವು. ಬಡಾವಣೆಯ ಕೊನೆಯ ಮನೆಯ ನೀರಿನ ಟ್ಯಾಂಕು ಹಿಂದೆ ಬಿತ್ತು.

"ಅವತ್ತು ನರಸೀಪುರದಲ್ಲಿ ನಿನ್ನ ಕೇಳುದ್ರಂತೆ" ಎಂದಳು.

"ಕೇಳುದ್ರು."

"ಸುಮ್ಕಿದ್ಯಂತೆ."

"ನೀನೇ ಹೇಳಿದ್ದೆ ಅಕ್ಕ. ನೀ ಹೇಳೋಗಂಟ ಬಾಯ್ ಬುಡಬ್ಯಾಡ ಅಂತ."

"ಊಂ. ನಾನೇ ಏಳಿದ್ದೆ."

ಕಾಲ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು. ಅವಳು ಅದೇ ವೇಗದಲ್ಲಿ ನಡೆಯುತ್ತಿದ್ದಳು.

"ಅವತ್ತು ನಾನು ಚಪ್ಲಿ ಮೆಟ್ಕಂಡ್ ನಿಂತಿದ್ದೆ ಕಣೋ. ಅದ್ಕೂ ಮುಂಚಿನ್ ಸಲಾನೂ ನಿಂತಿದ್ದೆ. ಎಣ್ ಗೊತ್ತಾಗ್ಬುಟ್ಟದೆ, ಈಗ ಬ್ಯಾಡ ಅನ್ನು ಅಂತ ಏಳಾಣ ಅಂತ. ಇವ್ರು ಗಾಡಿ ತಂದ್ ನಿಲ್ಸುದ್ರು. ನೀ ಅತ್ಕಂಡೆ."

"ಬಾಗ್ಲಲ್ಲೇ ಒಂದ್ ಮಾತು ಹೇಳ್ಬೋದಿತ್ತಲ್ಲಕ್ಕ. ಬ್ಯಾಡ ಅನ್ನು ಅಂತ, ಅಷ್ಟೇ."

ಅವಳು ಯೋಚಿಸಿದಳು. "ಬಾಗ್ಲಲ್ಲಿ ಎಂಗ್ ಏಳಾದು" ಎಂದಳು. ನಾನು ಏನೋ ಆಗದ್ದನ್ನು ಕೇಳಿದ ಹಾಗೆ.

ಅವಳು ಅಳಲಿಲ್ಲ. ಇಬ್ಬರೂ ಅಳಬೇಕಾದ ಜಾಗ ಅದು ಎಂದು ನನಗೆ ಗೊತ್ತಿತ್ತು, ಕಾಯುತ್ತಲೂ ಇದ್ದೆ, ಏನೂ ಬರಲಿಲ್ಲ. ಬಹಳ ಹೊತ್ತು ಕೂತು ಎದ್ದಾಗ ಕಾಲು ನಮ್ಮದಲ್ಲ ಎನ್ನಿಸುತ್ತದಲ್ಲ, ಒಳಗೆ ಹಾಗಿತ್ತು. ಸಣ್ಣ ಸೇತುವೆಯೊಂದರವರೆಗೆ ಹೋಗಿ ತಿರುಗಿದೆವು. ತಿರುಗಿದ ಮೇಲೆ ಹೇಳಿದಳು. "ಆ ಎಣ್ಣು ಪಾಪದ್ದು. ನನ್ನೇ ಅಕ್ಕ ಅಂತದೆ. ಅದ್ರು ಮ್ಯಾಲೆ ನಂಗೇನಿಲ್ಲ. ಆದ್ರೆ ನಾನು ಅಲ್ಲಿಗ್ ಓಗಲ್ಲ ಕಣೋ."

"ಓಗ್ಬ್ಯಾಡ."

"ನಿನ್ ಎಂಡ್ತಿ ಏನಂದಾಳು?"

"ಅವ್ಳೇ ನಿನ್ನ ನಡ್ಸು ಅಂದೋಳು."

ಅದು ಅವಳ ತೀರ್ಮಾನ. ಆದರೆ ಆ ಮನೆಯವರಿಗೆ ಅದನ್ನು ಅವಳೇ ಹೇಳಬೇಕಿತ್ತು. ನಾನು ಹೋಗಿ ಹೇಳಲಾ ಎಂದದ್ದಕ್ಕೆ, ಒಂದು ಸಲ ನಿನ್ನ ಬಾಯಿಗೆ ಬಿಟ್ಟದ್ದು ಸಾಕು ಎನ್ನುವ ಹಾಗೆ ಕೈ ಆಡಿಸಿದಳು. ಬೈಯುವ ಹಾಗೇನೂ ಇರಲಿಲ್ಲ ಅದು. ಸೊಳ್ಳೆ ಓಡಿಸಿದ ಹಾಗೆ.

ಮುಂದಿನ ವಾರ ಬಾವ ಬಂದ. ಮನೆ ಮುಂದೆ ಗಾಡಿ ನಿಲ್ಲಿಸಿ ಇಳಿಯದೆ ಒಂದು ಕಾಲು ನೆಲಕ್ಕೆ ಊರಿಕೊಂಡು ನಗುತ್ತಾ ಕರೆದ.

"ಏನಮ್ಮಿ, ತೌರೂಟ ಸಾಕಾಗ್ನಿಲ್ವಾ? ಅತ್ತು, ಓಗಾಣ."

ಅಕ್ಕ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು. ಎದುರು ಮನೆಯವರು ಕೊಡ ಹಿಡಿದುಕೊಂಡು ನಲ್ಲಿಯ ಹತ್ತಿರ ನಿಂತಿದ್ದರು. ನಾನು ಅವಳ ಹಿಂದೆ ಇದ್ದೆ. ಅವಳು ಮಾತಾಡುವುದಿಲ್ಲ, ಒಳಗೆ ಹೋಗಿ ಬ್ಯಾಗು ತರುತ್ತಾಳೆ, ಹೋಗಿಬಿಡುತ್ತಾಳೆ ಎಂದೇ ನನಗನ್ನಿಸಿತು.

"ನೀವ್ ಓಗಿ" ಎಂದಳು. "ನಾನು ನಡ್ಕಂಡ್ ಬತ್ತೀನಿ."

ಬಾವನ ನಗು ಹಾಗೇ ಇತ್ತು. "ನಡ್ಕಂಡಾ? ಇಲ್ಲಿಂದ ನಮ್ಮೂರ್‌ಗಾ? ಎಂಗಮ್ಮಿ?"

"ಕಾಲಲ್ಲಿ."

ನಲ್ಲಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ಬಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ನನ್ನ ಮುಖ ನೋಡಿದ. ನಾನು ಈ ಸಲ ಸುಮ್ಮನಿರಲಿಲ್ಲ. "ಅವ್ಳು ಬರಲ್ಲ ಬಾವ" ಎಂದೆ. "ಬನ್ನಿ, ಒಂದ್ ಲೋಟ ಕಾಫಿ ಕುಡ್ಕಂಡ್ ಓಗಿ." ಅವನು ಕಾಫಿ ಕುಡಿಯಲಿಲ್ಲ. ಗಾಡಿ ಒದ್ದ, ಅದು ಮೂರು ನಾಲ್ಕು ಒದೆತಕ್ಕೂ ಹತ್ತಿಕೊಳ್ಳಲಿಲ್ಲ. ತಲೆ ಬಗ್ಗಿಸಿಕೊಂಡು ಬೀದಿಯ ಕೊನೆಯವರೆಗೆ ತಳ್ಳಿಕೊಂಡೇ ಹೋದ. ಅವನನ್ನು ನೋಡಿ ನನಗೆ ಪಾಪ ಎನಿಸಿತು. ಆಮೇಲೆ ಅವನು ಬರಲಿಲ್ಲ. ಊರ ಯಜಮಾನರೂ ಕೂರಲಿಲ್ಲ. ಆ ಮನೆಯಲ್ಲಿ ಮಗುವಾಯಿತು ಎಂದು ಬೇರೆ ಯಾರೋ ಹೇಳಿದರು. ಅಕ್ಕ, "ಯಾವ್ ಮಗ?" ಎಂದಳು. ಹೆಣ್ಣು ಎಂದೆ. "ಊಂ" ಎಂದಳು.

ಅಕ್ಕನಿಗೆ ಬಡಾವಣೆಯ ಶಾಲೆಯಲ್ಲಿ ಬಿಸಿಯೂಟದ ಅಡಿಗೆಗೆ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ಇಬ್ಬರೂ ದಿಬ್ಬ ಹತ್ತುತ್ತಿದ್ದೆವು. ಅಲ್ಲಿ ಅವಳು ಮತ್ತೆ ಕತೆ ಹೇಳಲು ಶುರು ಮಾಡಿದಳು. ಅಡಿಗೆಯವರ ಜಗಳ, ಮಕ್ಕಳು ಮೊಟ್ಟೆ ಕೊಡಿ ಎಂದು ಕೂಗುವುದು, ಹೆಡ್‌ಮಾಸ್ತರರ ತಲೆಗೂದಲಿನ ಬಣ್ಣ. ಅತ್ತೆಯ ಅಣಕ ಮಾತ್ರ ಮಾಡಲಿಲ್ಲ. ನಾನು ಕೇಳುತ್ತಿದ್ದೆ, ನಗುವ ಕಡೆ ನಗುತ್ತಿದ್ದೆ. ಆ ವರ್ಷಗಳನ್ನು ಸುಖದ ವರ್ಷಗಳು ಎಂದು ಹೇಳಬಹುದೇನೋ. ಸುಖ ಎಂದು ಆಗ ಅನ್ನಿಸಿತೇ ಎಂದರೆ ನೆನಪಿಲ್ಲ.

ಆಮೇಲೆ ಜಲ್ಲಿ ತುಂಬಿದ ಟಿಪ್ಪರ್‌ಗಳು ಬಂದವು. ಸಿಮೆಂಟಿನ ಅಡ್ಡಪಟ್ಟಿಗಳನ್ನು ಸಾಲಾಗಿ ಇಟ್ಟರು. ಆಗಲೂ ಪಟ್ಟಿಯಿಂದ ಪಟ್ಟಿಗೆ ಕಾಲಿಡುತ್ತಾ ನಡೆದೆವು. ಹೆಜ್ಜೆ ನೋಡಿಕೊಂಡು ಇಡಬೇಕಾದ್ದರಿಂದ ಮಾತು ನಡುನಡುವೆ ನಿಲ್ಲುತ್ತಿತ್ತು. ದೊಡ್ಡ ಹಳಿ ಬಂತು. ಒಬ್ಬ ಗ್ಯಾಂಗ್‌ಮನ್ ಬಂದು, "ಇನ್ಮೇಲೆ ಇಲ್ಲಿ ಓಡಾಡಂಗಿಲ್ಲ ಕಣಮ್ಮ, ಗಾಡಿ ಬುಡ್ತಾರೆ" ಎಂದ.

ರೈಲು ಓಡಲು ಶುರುವಾದ ವಾರ ಭಾನುವಾರ ಬೆಳಿಗ್ಗೆ ಇಬ್ಬರೂ ಅಭ್ಯಾಸಬಲದಿಂದ ಹೊರಟು ರೈಲ್ವೆ ಗೇಟಿನ ಹತ್ತಿರ ಬಂದೆವು. ಗೇಟ್ ಹಾಕಿತ್ತು. ನಮ್ಮ ಹಿಂದೆ ಬೈಕು, ಆಟೋ, ಹಾಲಿನ ವ್ಯಾನು ಸೇರುತ್ತಾ ಬಂದವು. ರೈಲು ಹೋಯಿತು. ನಾವು ನಡೆಯುತ್ತಿದ್ದ ಕಡೆಗೇ ಹೋಯಿತು, ಕಿಟಕಿಗಳಲ್ಲಿ ಜನ ಕೂತಿದ್ದರು. ಗೇಟ್ ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಹಾರನ್ ಹೊಡೆದರು. ಆ ಕಡೆಯಿಂದಲೂ ಅಷ್ಟೇ ಗಾಡಿಗಳು ನುಗ್ಗಿದವು. ನಾನು ಅಕ್ಕನ ರಟ್ಟೆ ಹಿಡಿದು ಕಂಬದ ಕಡೆಗೆ ಎಳೆದುಕೊಂಡೆ. ಎಲ್ಲ ಹೋಗುವವರೆಗೆ ಕಂಬಕ್ಕೆ ಅಂಟಿಕೊಂಡು ನಿಂತಿದ್ದೆವು.

"ಇನ್ನು ಬ್ಯಾಡ ಬುಡು" ಎಂದಳು ಅಕ್ಕ.

"ಬೇರೆ ಕಡೆ ಎಲ್ಲಾದ್ರೂ ನೋಡಾಣ. ಹೊಳೆ ಕಡೆ?"

"ಅಲ್ಲಿಗ್ ಓಗಕೂ ಇದೇ ರೋಡಲ್ವಾ."

ಮನೆಗೆ ವಾಪಸು ಬಂದೆವು, ನಾನು ಮುಂದೆ, ಅವಳು ಹಿಂದೆ. ಹೆಂಡತಿ ಇಷ್ಟು ಬೇಗ ಬಂದಿರಾ ಎಂದಳು. ಅಕ್ಕ ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ತಟ್ಟೆ ಇಟ್ಟಳು.

"ಊಟ ಮಾಡು" ಎಂದಳು. ಇನ್ನೂ ಊಟದ ಹೊತ್ತಾಗಿರಲಿಲ್ಲ. ನಾನು ಕೂತೆ.